ಹೊಗೆಯಿಲ್ಲದ ಕೆಂಡ

ನಾನು ಮೊದಲಿನಿಂದಲೂ ಹೆದರುಪುಕ್ಕಲಿ. ಕುಕ್ಕರಿನ ಸೀಟಿ ಒಂದು ಚೂರು ತಡವಾದರೂ ಅಡುಗೆಮನೆ ಬಿಟ್ಟು ಹೊರಗೆ ಬಂದು ನಿಲ್ಲುವವಳು. ಅಂಥವಳ ಗಂಡನಿಗೆ ಐವತ್ತು ದಾಟಿದ ಮೇಲೆ ಕಮ್ಮಾರಿಕೆಯ ಹುಚ್ಚು ಹಿಡಿಯಿತು ನೋಡಿ! ಬೇರೆಯವರ ಗಂಡಂದಿರಿಗೆ ಆ ವಯಸ್ಸಿನಲ್ಲಿ ವಾಕಿಂಗ್, ಯೋಗ, ಹೆಚ್ಚೆಂದರೆ ಭಜನಾ ಮಂಡಳಿ. ಇವರಿಗೆ ಬೆಂಕಿಯೇ ಬೇಕಾಯಿತು.

ನಮ್ಮ ಮನೆಯಿರುವ ಡೊಂಬಿವ್ಲಿಯಿಂದ ಠಾಣೆ, ಅಲ್ಲಿ ಲೋಕಲ್ ರೈಲು ಬದಲಿಸಿ ಬೇಲಾಪುರದಲ್ಲಿ ಇವರ ಆಫೀಸು. ಆ ದಾರಿಯುದ್ದಕ್ಕೂ ಮೊಬೈಲಿನಲ್ಲಿ ಕಬ್ಬಿಣ ಬಡಿಯುವ ವಿಡಿಯೊ ನೋಡುವುದು, ಅದೇ ಹುಚ್ಚಿನವರ ಗುಂಪೊಂದರಲ್ಲಿ ಪ್ರಶ್ನೆ ಕೇಳುವುದು. ಕಲಿಯುವವನಿಗೆ ಯಾವ ಕಬ್ಬಿಣ ಒಳ್ಳೆಯದು? ಲಾರಿ ಸ್ಪ್ರಿಂಗಿನ ಪಟ್ಟಿ. ಕೆಳಗೆ ಏನಿಟ್ಟು ಬಡಿಯಬೇಕು? ದೊಡ್ಡ ಸುತ್ತಿಗೆಯ ತಲೆಯಾದರೂ ನಡೆಯುತ್ತದೆ. ಸಿಮೆಂಟ್ ನೆಲದ ಮೇಲೆ ಕಾದ ಕಬ್ಬಿಣ ಇಡಬಹುದೇ? ಬೇಡ, ನೆಲ ಸಿಡಿಯುತ್ತದೆ. ಸಂಜೆ ಮನೆಗೆ ಬಂದು ಚಹಾ ಕುಡಿಯುತ್ತಾ ಎಲ್ಲವನ್ನೂ ನನಗೆ ಒಪ್ಪಿಸುತ್ತಿದ್ದರು. ನನಗೆ ಒಂದೊಂದು ಉತ್ತರಕ್ಕೂ ಒಂದೊಂದು ಹೊಸ ಹೆದರಿಕೆ.

"ಎಂತ ಮಾರಾಯ್ರೆ, ಇದೆಲ್ಲ ನಮಗೆ ಬೇಕಾ? ಮನೆಗೆ ಬೆಂಕಿ ಬಿದ್ರೆ?"

"ಬೆಂಕಿ ಇರುದು ಹಿಂದಿನ ಶೆಡ್ಡಲ್ಲಿ."

"ಸಿಲಿಂಡರ್?"

"ಅದು ಅಡುಗೆಮನೆಯಲ್ಲಿ. ನಡುವೆ ಎರಡು ಗೋಡೆ ಉಂಟಲ್ಲ."

"ಕಣ್ಣಿಗೆ ಕಿಡಿ ಹಾರಿದ್ರೆ?"

"ಕನ್ನಡಕ ತಂದಿದ್ದೇನೆ. ನಿನಗೂ ಒಂದು ತರ್ಲಾ?"

ಇವರ ಹತ್ತಿರ ಮಾತಾಡಿ ಗೆದ್ದವರಿಲ್ಲ. ಭಿವಂಡಿಯ ಗುಜರಿಯಿಂದ ಲಾರಿ ಸ್ಪ್ರಿಂಗಿನ ಪಟ್ಟಿ ಬಂತು. ನನಗೊಂದು ಮೆಟ್ಟುಕತ್ತಿ ಮಾಡಿಕೊಡುತ್ತಾರಂತೆ. ಮಣೆಯನ್ನು ಕಾಲಲ್ಲಿ ಮೆಟ್ಟಿ ಹಿಡಿದು ತರಕಾರಿ ಹೆಚ್ಚುವ ನಮ್ಮೂರಿನ ಕತ್ತಿ ಅದು; ಇಲ್ಲಿ ಸಿಗುವ ವಿಳಿಯಲ್ಲಿ ನನಗೆ ಬಸಳೆ ದಂಟು ಕೂಡ ನೆಟ್ಟಗೆ ತುಂಡಾಗುವುದಿಲ್ಲ ಎಂದು ನಾನೇ ದಿನಾ ಗೊಣಗುತ್ತಿದ್ದೆ. ಅದನ್ನು ಹಿಡಿದುಕೊಂಡರು.

ನಮ್ಮದು ಹಳೆಯ ಬಿಲ್ಡಿಂಗಿನ ನೆಲಮಹಡಿ. ಹಿಂದುಗಡೆ ಬಟ್ಟೆ ಒಗೆಯಲು ಮಾಡಿದ ಸಣ್ಣ ತಗಡಿನ ಶೆಡ್ಡು. ಅಲ್ಲಿ ಇಟ್ಟಿಗೆ ಜೋಡಿಸಿ ಒಲೆ ಕಟ್ಟಿದರು. ಗಾಳಿ ಊದಲು ತಿದಿಯ ಬದಲಿಗೆ ನನ್ನ ತಲೆಕೂದಲು ಒಣಗಿಸುವ ಡ್ರೈಯರು. ಮೊದಲ ದಿನ ಕಲ್ಲಿದ್ದಲು ಹಾಕಿದ್ದೇ ತಡ, ಮೇಲಿನ ಮನೆಯ ಮರಾಠಿ ಕಾಕು ಕಿಟಕಿಯಿಂದ ಬಗ್ಗಿದರು.

"ಅಹೋ, ಕಿತೀ ಧೂರ್ ಯೇತೊಯ್! ಮಾಝೇ ಕಪಡೇ ಕಾಳೇ ಝಾಲೇ!"

ಹೊಗೆ ಮೇಲೆ ಹೋಗಿ ಕಾಕುವಿನ ಒಣಹಾಕಿದ ಬಟ್ಟೆಯೆಲ್ಲ ಮಸಿಯಾಗಿತ್ತು. ಅವರಿಗೆ ಕೈಮುಗಿದು ಸಮಾಧಾನ ಮಾಡುವಷ್ಟರಲ್ಲಿ ನನಗೆ ಸಾಕುಸಾಕಾಯಿತು.

ಇವರು ಅದಕ್ಕೂ ದಾರಿ ಹುಡುಕಿದರು. ದಿನಕ್ಕೊಂದು ಕಾಯಿ ಒಡೆಯುವ ಮನೆ ನಮ್ಮದು. ಗೆರಟೆ ಎಸೆಯಲು ಮನಸ್ಸು ಬಾರದೆ ಗೋಣಿಯಲ್ಲಿ ತುಂಬಿ ಮಂಚದಡಿ ಇಡುವುದು ನನ್ನ ಚಾಳಿ. ಕಾಕು ಕಲ್ಯಾಣ್ ಊರಿನಲ್ಲಿರುವ ಮಗಳ ಮನೆಗೆ ಹೋದ ದಿನ ನೋಡಿ, ಅದನ್ನೆಲ್ಲ ಟೆರೇಸಿನಲ್ಲಿ ಮುಚ್ಚಳದ ಡಬ್ಬಿಯೊಳಗೆ ಸುಟ್ಟು ಇದ್ದಿಲು ಮಾಡಿದರು. ಗೆರಟೆ ಇದ್ದಿಲಿನ ಕೆಂಡ ಹೊಗೆಯಾಡುವುದಿಲ್ಲ. ನನಗೆ ಅಂದು ಮೊದಲ ಬಾರಿ ಸ್ವಲ್ಪ ಧೈರ್ಯ ಬಂತು. ಊರಿನಲ್ಲಿ ನನ್ನ ಬಾಣಂತನದಲ್ಲಿ ಮಂಚದ ಕೆಳಗೆ ಅಮ್ಮ ಇಡುತ್ತಿದ್ದದ್ದೂ ಇದೇ ಕೆಂಡ. ಕೆಂಡ ಮೈಗೆ ತಾಗಿದರೆ ಸುಡುತ್ತದೆ, ಅಷ್ಟೇ. ಅದಕ್ಕಿಂತ ಹೆಚ್ಚು ಹೆದರಬೇಕೆಂದು ನಮಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಆಮೇಲೆ ಬಣ್ಣದ ಪ್ರಶ್ನೆ ಬಂತು. ಕಬ್ಬಿಣ ಎಷ್ಟು ಕಾದಿದೆ ಎಂದು ತಿಳಿಯುವುದು ಹೇಗೆ? ಬಣ್ಣ ನೋಡಿ, ಆದರೆ ಬೆಳಕಿನಲ್ಲಿ ಬಣ್ಣ ಕಾಣುವುದಿಲ್ಲ, ಕತ್ತಲು ಮಾಡಿಕೊಳ್ಳಿ ಎಂದು ಗುಂಪಿನವರು ಹೇಳಿದರು. ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಶೆಡ್ಡು ಎಂಥದ್ದು, ಎಷ್ಟು ದೊಡ್ಡದು ಎಂದು ಅವರೂ ಕೇಳಲಿಲ್ಲ, ಇವರೂ ಹೇಳಲಿಲ್ಲ. ಮಳೆ ಬೇರೆ ಹೊಡೆಯುತ್ತಿತ್ತು. ಇವರು ಶೆಡ್ಡಿನ ಬಾಗಿಲಿಗೆ ತಾಡಪಾಲು ಇಳಿಬಿಟ್ಟು, ತಗಡಿನ ಸಂದುಗಳಿಗೆಲ್ಲ ನನ್ನ ಹಳೆಯ ಸೀರೆ ತುರುಕಿ, ಮಟಮಟ ಮಧ್ಯಾಹ್ನವೇ ಶೆಡ್ಡಿನಲ್ಲಿ ರಾತ್ರಿ ಮಾಡಿದರು.

ಅಂದು ಭಾನುವಾರ, ಏಕಾದಶಿ. ನನಗೆ ಉಪವಾಸ. ಡ್ರೈಯರು ಹಿಡಿದು ಒಲೆಯ ಪಕ್ಕ ಕೂತಿದ್ದೆ. ಕೆಂಡ ಚೆನ್ನಾಗಿ ಬಂದಿತ್ತು, ಕತ್ತಲಲ್ಲಿ ಪಟ್ಟಿ ಕಿತ್ತಳೆ ಹಣ್ಣಿನ ಹಾಗೆ ಹೊಳೆಯುತ್ತಿತ್ತು. "ಕಾಣು, ಕಾಣು, ಎಂತ ಬಣ್ಣ!" ಎಂದು ಇವರಿಗೆ ಖುಷಿಯೋ ಖುಷಿ. ನನಗೆ ಹಣೆ ಸಿಡಿಯತೊಡಗಿತು. ಹೊಟ್ಟೆ ತೊಳಸುತ್ತಿತ್ತು.

"ನನಗೆ ಎಂತದೋ ಆಗ್ತಾ ಉಂಟು ಮಾರಾಯ್ರೆ."

"ಖಾಲಿ ಹೊಟ್ಟೆ ಅಲ್ವಾ? ಹೋಗಿ ಒಂಚೂರು ಮಜ್ಜಿಗೆ ಕುಡಿದು ಮಲಕ್ಕೋ. ನಾ ಒಬ್ಬನೇ ಮಾಡ್ತೆ."

"ನಿಮಗೆಂತ ಆಗುದಿಲ್ವಾ?"

"ತಲೆ ಸ್ವಲ್ಪ ಭಾರ. ಈ ಸೆಕೆಗೆ ಆಗ್ದೆ ಇರ್ತದಾ?"

ಸರಿ ಎಂದು ಬಂದೆ. ಮಜ್ಜಿಗೆ ಕುಡಿದೆ, ವಾಂತಿಯಾಯಿತು. ಹೊರಗಿನ ಕೋಣೆಯಲ್ಲಿ ಕಿಟಕಿ ತೆರೆದು ಮಲಗಿದೆ. ಹಿಂದಿನಿಂದ ಸುತ್ತಿಗೆಯ ಠಣ್ ಠಣ್ ಕೇಳುತ್ತಿತ್ತು. ಮಳೆಗಾಳಿ ಮುಖಕ್ಕೆ ಬಡಿಯುತ್ತಾ ಬಡಿಯುತ್ತಾ ತಲೆ ಹಗುರಾಯಿತು. ಹೊಟ್ಟೆಯಲ್ಲಿ ಏನೂ ಇಲ್ಲ, ಇದ್ದ ಮಜ್ಜಿಗೆಯೂ ಹೋಯಿತು, ಆದರೂ ತಲೆನೋವು ಇಳಿಯುತ್ತಿದೆ. ಇದೆಂಥ ಉಪವಾಸದ ತಲೆನೋವು ಎಂದು ನನಗೆ ಅನ್ನಿಸಿದ್ದು ಆಗ. ಅದೇ ಹೊತ್ತಿಗೆ ಗಮನಕ್ಕೆ ಬಂತು, ಠಣ್ ಠಣ್ ನಿಂತಿತ್ತು.

"ಹ್ವಾಯ್!" ಎಂದು ಮಲಗಿದಲ್ಲಿಂದಲೇ ಕರೆದೆ. ಉತ್ತರವಿಲ್ಲ. ಡ್ರೈಯರಿನ ಗುಂಯ್ ಮಾತ್ರ ಕೇಳುತ್ತಿತ್ತು.

ಓಡಿದೆನೋ ನಡೆದೆನೋ ಗೊತ್ತಿಲ್ಲ. ತಾಡಪಾಲು ಎತ್ತಿದರೆ ಇವರು ನೆಲದ ಮೇಲೆ ಮಗ್ಗುಲಾಗಿ ಬಿದ್ದಿದ್ದಾರೆ. ಬಾಯಿಂದ ಗೊರಗೊರ ಸದ್ದು. ಕಾದ ಪಟ್ಟಿ ಮೊಣಕೈ ಹತ್ತಿರವೇ ಬಿದ್ದಿದೆ. ದೇವರೇ! ಸುತ್ತ ಬೆಂಕಿಯಿಲ್ಲ, ಹೊಗೆಯಿಲ್ಲ, ಎಲ್ಲೂ ರಕ್ತವಿಲ್ಲ. ಯಾವುದಕ್ಕೆ ಹೆದರಬೇಕೆಂದೇ ತಿಳಿಯದಂಥ ಹೆದರಿಕೆ ಅದು. ಹಾರ್ಟು ಎಂದುಕೊಂಡೆ. ಹೋದರು, ನನ್ನ ಗಂಡ ಹೋದರು ಎಂದುಕೊಂಡೆ. ಕಂಕುಳಿಗೆ ಕೈ ಹಾಕಿ ಎಳೆದರೆ ಅಲುಗಾಡುವುದಿಲ್ಲ. ನನಗೇ ಮತ್ತೆ ಕಣ್ಣು ಕತ್ತಲೆ ಬರಲು ಶುರುವಾಯಿತು.

"ಕಾಕೂ!" ಎಂದು ಕಿರುಚಿದೆ. ಕಾಕು ಮೆಟ್ಟಿಲಿಳಿದು ಬಂದವರೇ ಮೊದಲು ತಾಡಪಾಲನ್ನು ಕಿತ್ತು ಬಿಸಾಡಿದರು. ಇಬ್ಬರೂ ಸೇರಿ ಇವರನ್ನು ಮಳೆಗೆ ಎಳೆದು ಹಾಕಿದೆವು. ಕಾಕುವಿನ ಮಗ ರಿಕ್ಷಾ ತಂದ. ಸ್ಟೇಷನ್ ರಸ್ತೆಯ ಟ್ರಾಫಿಕ್ಕಿನಲ್ಲಿ ರಿಕ್ಷಾ ನಿಂತು ನಿಂತು ಹೋಗುವಾಗ ಇವರ ತಲೆ ನನ್ನ ತೊಡೆಯ ಮೇಲಿತ್ತು. ಉಸಿರು ಇದೆಯೇ ಎಂದು ಮೂಗಿನ ಕೆಳಗೆ ಬೆರಳಿಟ್ಟು ಇಟ್ಟು ನೋಡುತ್ತಿದ್ದೆ.

ಆಸ್ಪತ್ರೆಯಲ್ಲಿ ಡಾಕ್ಟರು ಕೇಳಿದ ಮೊದಲ ಪ್ರಶ್ನೆ, "ಕೋಯ್ಲಾ ಜಲಾಯಾ ಥಾ? ಬಂದ್ ಜಗಹ್ ಮೇಂ?"

ಹೌದು, ಮುಚ್ಚಿದ ಶೆಡ್ಡಿನಲ್ಲೇ ಇದ್ದಿಲು ಉರಿಸಿದ್ದೆವು ಎಂದೆ. ಆದರೆ ಸ್ವಲ್ಪವೂ ಹೊಗೆಯಿರಲಿಲ್ಲ ಎಂದು ಸಾಕ್ಷಿ ಹೇಳುವವಳ ಹಾಗೆ ಒತ್ತಿ ಹೇಳಿದೆ. ಡಾಕ್ಟರು ತಲೆಯಾಡಿಸಿದರು. ಕೆಂಡದಿಂದ ಬರುವ ವಿಷಗಾಳಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಹೊಗೆ ಇದ್ದಿದ್ದರೆ ಕೆಮ್ಮಿಕೊಂಡಾದರೂ ಹೊರಗೆ ಬರುತ್ತಿದ್ದರು ಎಂದರು. ಇವರ ಮುಖಕ್ಕೆ ಆಕ್ಸಿಜನ್ ಮಾಸ್ಕು ಕಟ್ಟಿದರು. ನನಗೂ ಒಂದು ಕಟ್ಟಿ ಪಕ್ಕದ ಮಂಚದಲ್ಲಿ ಕೂರಿಸಿದರು. ಬದುಕುತ್ತಾರೆಯೇ ಎಂದು ಕೇಳಿದೆ. ಬದುಕುತ್ತಾರೆ ಅನ್ನಿಸುತ್ತದೆ, ಆದರೆ ಕೆಲವೊಮ್ಮೆ ಮಿದುಳಿಗೆ ಪೆಟ್ಟಾಗುತ್ತದೆ, ಎಚ್ಚರವಾದ ಮೇಲೆಯೇ ಗೊತ್ತಾಗುವುದು ಎಂದರು.

ಸಂಜೆ ಇವರು ಕಣ್ಣು ಬಿಟ್ಟರು. ಸೂರು ನೋಡಿದರು, ಸಲೈನಿನ ಬಾಟಲಿ ನೋಡಿದರು, ನನ್ನನ್ನು ನೋಡಿದರು. ಮಾಸ್ಕಿನೊಳಗೆ ತುಟಿ ಅಲುಗಿತು. ಬಗ್ಗಿ ಕಿವಿ ಕೊಟ್ಟೆ.

"ಸುತ್ತಿಗೆ ಕೈಯಿಂದ ಜಾರಿದ್ದು ಗೊತ್ತಾಯ್ತು. ನಿನ್ನನ್ನು ಕರೀಬೇಕು ಅಂತ ಇತ್ತು. ಹೆಸರೇ ನೆನಪಾಗ್ಲಿಲ್ಲ ಮಾರಾಯ್ತಿ."

ಇಷ್ಟು ವರ್ಷ ಬೆಂಕಿ, ಸಿಲಿಂಡರು ಎಂದು ಹೆದರಿದ್ದೆಲ್ಲ ಈ ಮಾತಿನ ಮುಂದೆ ಏನೂ ಅಲ್ಲ.

"ಈಗ?" ಎಂದೆ. "ಈಗ ನೆನಪುಂಟಾ?"

ಇವರು ನನ್ನ ಮುಖವನ್ನೇ ನೋಡಿದರು. ಹುಬ್ಬು ಗಂಟಿಕ್ಕಿತು. ನಾನು ಮಂಚದ ಸರಳನ್ನು ಗಟ್ಟಿಯಾಗಿ ಹಿಡಿದುಕೊಂಡೆ. ಬಾಯಿಯವರೆಗೆ ಬಂದ ನನ್ನ ಹೆಸರನ್ನು ನಾನೇ ಹೇಳಿಕೊಡದೆ ಹಲ್ಲು ಕಚ್ಚಿ ತಡೆದೆ. ಕಡೆಗೆ ಇವರು ಮಾಸ್ಕನ್ನು ಒಂದು ಬೆರಳಿನಿಂದ ಸರಿಸಿ, ತವರಿನಲ್ಲಿ ಮಾತ್ರ ನನ್ನನ್ನು ಕರೆಯುವ ಆ ಸಣ್ಣ ಹೆಸರು ಹೇಳಿದರು. ನಾನು ಹೋ ಎಂದು ಅತ್ತ ರಭಸಕ್ಕೆ, ಗಂಡ ತೀರಿಹೋದರೆಂದು ತಿಳಿದು ನರ್ಸು ಓಡಿ ಬಂದಳು.