ಅಜ್ಜಿಗೆ ಹೇಳದೇ ಬಿಟ್ಟ ಮಾತು

ಹೋದ ತಿಂಗಳು ಇಚಲಕರಂಜಿಯ ತಂಗಿಯ ಮನೆಗೆ ಹೋದಾಗ ಬಾಣಂತಿ ಕೋಣೆಯಿಂದ ಅಜವಾನದ ಹೊಗೆಯ ವಾಸನೆ ಬಂತು. ಕೂಸಿಗೆ ಎರೆದು, ಶೇಗಡಿಯ ಕೆಂಡಕ್ಕೆ ಬಟ್ಟೆ ಹಿಡಿದು ಅಂಗಾಲು ಕಾಸುತ್ತಿದ್ದರು. ಕೂಸು ಅತ್ತರೆ ಬಿಸಿ ಹೆಚ್ಚಾಯಿತು, ಸುಮ್ಮನಿದ್ದರೆ ಹದವಾಗಿದೆ. ನಮ್ಮ ಮನೆಗಳಲ್ಲಿ ಇದಕ್ಕಿಂತ ಬೇರೆ ಥರ್ಮಾಮೀಟರ್ ಇಲ್ಲ. ನಾನು ಎದ್ದು ಹೊರಗೆ ಬಂದು ಕಟ್ಟೆಯ ಮೇಲೆ ಕೂತೆ. ಭೂಲ್ ಬಾಯಿ ನೆನಪಾಗಿದ್ದರು...

ನಮ್ಮ ಕಡೆ ಅರಿವಳಿಕೆಗೆ ಭೂಲ್ ಅನ್ನುತ್ತಾರೆ. ಕೊಡುವ ಡಾಕ್ಟರು ಹೆಂಗಸಾದ್ದರಿಂದ ಅವರು ಭೂಲ್ ಬಾಯಿ. ನಾನು ನರ್ಸಾಗಿರುವ ಗಡಹಿಂಗ್ಲಜದ ಸಣ್ಣ ಆಸ್ಪತ್ರೆಗೆ ಕೊಲ್ಹಾಪುರದಿಂದ ಬರುತ್ತಿದ್ದರು. ಅರ್ಧ ಕನ್ನಡ, ಅರ್ಧ ಮರಾಠಿ. ಚಹಾ ಮಾತ್ರ ಪೂರ್ತಿ ಲೋಟ.

ಎಳೆಗೂಸಿನ ಆಪರೇಷನ್ ಇದ್ದ ದಿನ ಅವರದು ಒಂದು ಕೆಲಸ ಹೆಚ್ಚಿಗೆ. ಕೂಸಿಗೆ ನಿದ್ದೆ ಬರಿಸಿದ ಮೇಲೆ ಮಗ್ಗುಲಿಗೆ ಹೊರಳಿಸಿ, ಬೆನ್ನಿನ ತಳದಲ್ಲಿ, ಬಾಲದೆಲುಬಿನ ಹತ್ತಿರ ಸಣ್ಣ ಸೂಜಿಯಿಂದ ಔಷಧಿ ಬಿಡುತ್ತಿದ್ದರು. ಆಮೇಲೆ ನಾಲ್ಕಾರು ತಾಸು ಸೊಂಟದ ಕೆಳಗೆ ನೋವು ತಿಳಿಯುತ್ತಿರಲಿಲ್ಲ. ಎಳೆಗೂಸಿಗೆ ನೋವು ನೆನಪಿನಲ್ಲಿ ಉಳಿಯುವುದಿಲ್ಲ ಎಂದು ಹಳೆಯ ನರ್ಸುಗಳು ನನಗೆ ಕಲಿಸಿದ್ದರು. ಬೆರಳಿಗೆ ಸಕ್ಕರೆನೀರು ಹಚ್ಚಿ ಚೀಪಿಸಿದರೆ ಮುಗಿಯಿತು. ಭೂಲ್ ಬಾಯಿ ಸೂಜಿ ಕೊಟ್ಟ ಕೂಸುಗಳು ಎದ್ದು, ಹಾಲು ಕುಡಿದು, ಮತ್ತೆ ಮಲಗುವುದನ್ನು ಕಂಡ ಮೇಲೆ ನಾನು ಆ ಪಾಠ ಬಿಟ್ಟೆ.

ಆ ಔಷಧಿ ಇಳಿಯುವವರೆಗೆ ಕೂಸು ಕಾಲು ಆಡಿಸುವುದಿಲ್ಲ, ಬಿಸಿ ತಾಗಿದರೂ ತಿಳಿಯುವುದಿಲ್ಲ. ಇದನ್ನು ಅವರು ಕೂಸಿನ ಅಪ್ಪನಿಗೆ ಹೇಳುತ್ತಿರಲಿಲ್ಲ. ಸಹಿ ಮಾಡುವವನು ಅಪ್ಪ, ಕೂಸನ್ನು ತೊಡೆಯ ಮೇಲೆ ಹಾಕಿಕೊಳ್ಳುವವಳು ಅಜ್ಜಿ. ಹಾಗಾಗಿ ಅಜ್ಜಿಯನ್ನೇ ಎದುರಿಗೆ ಕೂಡಿಸಿಕೊಂಡು ಹೇಳಿ, ಅವಳ ಬಾಯಿಂದ ತಿರುಗಿ ಹೇಳಿಸಿಕೊಂಡೇ ಏಳುತ್ತಿದ್ದರು.

ಆರು ವರ್ಷದ ಹಿಂದೆ ಉತ್ತೂರಿನಿಂದ ಮೂರು ತಿಂಗಳ ಗಂಡುಕೂಸು ಹರ್ನಿಯಾಕ್ಕೆ ಬಂದಿತ್ತು. ಆಪರೇಷನ್ ಚೆನ್ನಾಗಿಯೇ ಆಯಿತು. ಕೂಸು ಎಚ್ಚರಾಗಿ ಹಾಲು ಕುಡಿಯುವವರೆಗೆ ಬಾಯಿ ಇದ್ದರು. ಅಷ್ಟರಲ್ಲಿ ಇಚಲಕರಂಜಿಯಿಂದ ಅವಸರದ ಕರೆ ಬಂತು. ಹೊರಡುತ್ತ, "ಸಿಸ್ಟರ್, ಆಜಿಗೆ ಹೇಳ್ರಿ. ಅಪ್ಪಗ ಅಲ್ಲ," ಎಂದರು.

ಅಜ್ಜಿ ಒಳಗೆ ಕೂಸಿನ ಹತ್ತಿರ ಇದ್ದಳು. ಅಪ್ಪ ವರಾಂಡದಲ್ಲೇ ಸಿಕ್ಕ. ಅವನಿಗೇ ಹೇಳಿದೆ. ಮೊಬೈಲು ಕಿವಿಯಲ್ಲಿಟ್ಟುಕೊಂಡೇ ತಲೆಯಾಡಿಸಿದ. ನನ್ನ ಕೆಲಸ ಆಯಿತೆಂದು ಮುಂದಿನ ವಾರ್ಡಿಗೆ ಹೋದೆ.

ತಾಸಿನ ಮೇಲೆ ಬಂದು ನೋಡಿದರೆ ಅಜ್ಜಿ ಸ್ಟೀಲ್ ಡಬ್ಬಿಗೆ ಚಹಾದಂಗಡಿಯಿಂದ ಕುದಿನೀರು ತುಂಬಿಸಿ ತಂದು, ಹಳೆ ಸೀರೆಯ ತುಂಡು ಸುತ್ತಿ ಕೂಸಿನ ಹಿಮ್ಮಡಿಗೆ ಒತ್ತಿ ಹಿಡಿದಿದ್ದಳು.

"ಕಾಲಾಗ ಜೀವಽ ಇರಲಿಲ್ಲವ್ವಾ, ಅದಕ್ಕ ಕಾಸಾಕತ್ತೇನಿ. ನೋಡ, ಅಳವಲ್ತು. ಹಿತ ಆಗೇತಿ," ಎಂದಳು.

ನಾನು ಡಬ್ಬಿ ಕಿತ್ತುಕೊಂಡೆ. ಹಿಮ್ಮಡಿಯ ಮೇಲೆ ರೂಪಾಯಿಯಷ್ಟಗಲ ಬೊಕ್ಕೆ ಎದ್ದಿತ್ತು. ಕೂಸು ನನ್ನ ಮುಖ ನೋಡುತ್ತ ಆಡುತ್ತಿತ್ತು.

ಬಾಯಿ ಇಚಲಕರಂಜಿಯಿಂದ ತಿರುಗಿ ಬರುವ ಹೊತ್ತಿಗೆ ಸಂಜೆ. ಔಷಧಿ ಇಳಿದು, ಕೂಸು ಕಾಲು ಝಾಡಿಸಿ ಚೀರುತ್ತಿತ್ತು. ಅಜ್ಜಿ ಬಾಗಿಲಲ್ಲೇ ಅವರನ್ನು ತಡೆದಳು. "ಬೆನ್ನಾಗ ಸೂಜಿ ಹಾಕಿ ನನ್ನ ಮೊಮ್ಮಗನ ಕಾಲ ಸುಟ್ಟೆಲ್ಲ!" ಬಾಯಿ ಒಮ್ಮೆ ನನ್ನ ಕಡೆ ನೋಡಿದರು. ನಾನು ಬ್ಯಾಂಡೇಜಿನ ಬಟ್ಟೆ ಮಡಚುತ್ತಿದ್ದೆ.

"ಚೂಕ ನಂದರಿ ಆಜಿ, ತಪ್ಪು ನಂದಽ," ಎಂದರು ಅವರು. "ನಾನಽ ನಿಮಗ ಹೇಳಿ ಹೋಗಬೇಕಾಗಿತ್ತು."

ನಾನು ಬಟ್ಟೆ ಮಡಚುತ್ತಲೇ ಇದ್ದೆ...

ಗಾಯ ಮಾಯುವವರೆಗೆ, ಬೇರೆ ಕೇಸಿಲ್ಲದ ದಿನವೂ, ಕೊಲ್ಹಾಪುರದಿಂದ ಬಂದು ಅವರೇ ಪಟ್ಟಿ ಬದಲಿಸಿದರು. ನನ್ನನ್ನು ಒಂದು ಮಾತೂ ಅನ್ನಲಿಲ್ಲ. ತಪ್ಪಾಯಿತು ಎಂದು ನಾನೂ ಅನ್ನಲಿಲ್ಲ. ಇವತ್ತು ಹೇಳಬೇಕು ಅಂದುಕೊಳ್ಳುವಷ್ಟರಲ್ಲಿ ಚಹಾ ಮುಗಿಸಿ ಕಾರು ಹತ್ತಿರುತ್ತಿದ್ದರು. ಹೀಗೆಯೇ ವರ್ಷಗಳು ಹೋದವು. ಹೋದ ವರ್ಷ ಅವರು ತೀರಿಕೊಂಡ ಸುದ್ದಿ ಆಸ್ಪತ್ರೆಯ ವಾಟ್ಸಾಪಿಗೆ ಬಂತು. ಎಲ್ಲರೂ ಕೈಮುಗಿದ ಚಿತ್ರ ಹಾಕಿದರು, ನಾನೂ ಹಾಕಿದೆ.

ಕಳೆದ ವಾರ ಅದೇ ಅಜ್ಜಿ ಬಂದಿದ್ದಳು, ಎರಡನೆಯ ಮೊಮ್ಮಗನನ್ನು ಎತ್ತಿಕೊಂಡು. ಅದೇ ಹರ್ನಿಯಾ. ಈಗಿನ ಡಾಕ್ಟರು ಬೆನ್ನಿನ ಸೂಜಿಯ ಮಾತೆತ್ತಿದ್ದೇ ತಡ, ಅಜ್ಜಿ ಕೈ ಅಡ್ಡ ಹಿಡಿದಳು. "ಸೂಜಿ ಬ್ಯಾಡ್ರಿ. ಆ ಬಾಯಿ ದೊಡ್ಡಾವನ ಕಾಲ ಸುಟ್ಟಾಳ. ಇಂವ ಅತ್ತರ ಅಳಲಿ."

ಅಳುವುದು ಕೂಸು. ನಾನು ಸುಮ್ಮನಿದ್ದರೆ ಅದು ರಾತ್ರಿಯೆಲ್ಲ ಅಳಬೇಕು. ಬೆಂಚಿನ ಮೇಲೆ ಅವಳ ಪಕ್ಕ ಕೂತು ಹೇಳಿದೆ: ಬಾಯಿ ನಿಮಗೇ ಹೇಳು ಅಂದಿದ್ದರು, ನಾನು ನಿಮ್ಮ ಮಗನಿಗೆ ಹೇಳಿ ಕೈತೊಳೆದುಕೊಂಡೆ, ಅವರು ನನ್ನ ತಪ್ಪು ತಮ್ಮ ಮೇಲೆ ಹಾಕಿಕೊಂಡರು. ಅವಳು ನನ್ನನ್ನೇ ನೋಡುತ್ತ ಕೇಳಿದಳು.

"ಈಗ ಎಲ್ಲಿ ಅದಾರ ಅವರು?"

"ಹೋದ ವರ್ಷ ತೀರಿಕೊಂಡ್ರಿ."

"ತಪ್ಪಾತಂತ ಅವರ ಮುಂದ ಅಂದಿದ್ದಿ?"

"ಇಲ್ರಿ."

ಅಜ್ಜಿ ಎದ್ದಳು. ಸೂಜಿ ಕೊಡಲಿ ಎಂದು ಡಾಕ್ಟರಿಗೆ ಹೇಳಿದಳು. ಆಪರೇಷನ್ನಿಗೆ ಒಳಗೆ ಒಯ್ಯಲು ನಾನು ಕೈ ಚಾಚಿದೆ. ಅವಳು ನನ್ನನ್ನು ದಾಟಿ ಹೋಗಿ ಕೂಸನ್ನು ಡಾಕ್ಟರ ಕೈಗೇ ಕೊಟ್ಟಳು.