ಅಪ್ಪನ ಹೆಬ್ಬೆಟ್ಟು

ಅಪ್ಪ ಹೊಳಲ್ಕೆರೆ ಕೋರ್ಟಿನಲ್ಲಿ ವಕೀಲರು. ತೊಂಬತ್ತರ ದಶಕದ ನಡುವೆ ಒಂದು ಬೆಳಿಗ್ಗೆ ಕರಿ ಕೋಟು ಹಾಕಿಕೊಳ್ಳುತ್ತಿದ್ದವರು ಹಾಗೆಯೇ ಕುಸಿದರು. ಚಿತ್ರದುರ್ಗದ ಆಸ್ಪತ್ರೆಯಿಂದ ಮನೆಗೆ ಕರೆತಂದಾಗ ಬಲಗೈಯಲ್ಲಿ ಜೀವವಿರಲಿಲ್ಲ, ಮಾತೂ ಹೋಗಿತ್ತು. ಮಾತಾಡಿಯೇ ಬದುಕಿದ ಮನುಷ್ಯನಿಗೆ ಹೀಗಾಯಿತಲ್ಲ ಎಂದು ನನಗೆ ದೇವರ ಮೇಲೆಯೇ ಸಿಟ್ಟು. ನಾನಾಗ ಹೊಸದುರ್ಗದಲ್ಲಿ ಟೀಚರ್. ಭಾನುವಾರಗಳಲ್ಲಿ ಬಂದು ಹೋಗುತ್ತಿದ್ದೆ.

ಕಕ್ಷಿದಾರರು ಹಣ್ಣು, ಬ್ರೆಡ್ಡು, ಎಳನೀರು ಹಿಡಿದು ನೋಡಲು ಬರುತ್ತಿದ್ದರು. ನಡುಮನೆ ಹಣ್ಣಿನಂಗಡಿಯಂತಾಗಿತ್ತು. ಬಂದವರು ಮಂಚದ ಪಕ್ಕ ಕೂತು, ಕಾಫಿ ಕುಡಿದು, ಊರಿನ ಸುದ್ದಿ ಹೇಳಿ ಏಳುತ್ತಿದ್ದರೇ ಹೊರತು ನಮ್ಮ ಕೇಸಿನ ಗತಿಯೇನು ಎಂದು ಒಬ್ಬರೂ ಬಾಯಿಬಿಡುತ್ತಿರಲಿಲ್ಲ. ಮಲಗಿದವರ ಮುಂದೆ ಫೈಲು ಕೇಳಿದರೆ, ನೀವಿನ್ನು ಏಳುವುದಿಲ್ಲ ಎಂದು ಮುಖಕ್ಕೆ ಹೇಳಿದಂತೆ. ಬೇರೆ ವಕೀಲರನ್ನು ಹಿಡಿಯುವುದಂತೂ ದೂರದ ಮಾತು. ನಮ್ಮ ಕಡೆಯ ಜನರ ಈ ದಾಕ್ಷಿಣ್ಯದ ಮೇಲೆ ನನಗೆ ಇವತ್ತಿಗೂ ಕೋಪವಿದೆ.

ಹಾಗೆ ಬಂದವರಲ್ಲಿ ರಾಮಗಿರಿಯ ಒಬ್ಬ ವಿಧವೆಯೂ ಇದ್ದಳು. ಗಂಡ ಬಿಟ್ಟುಹೋದ ಎರಡು ಅಂಕಣದ ಮನೆ ತನ್ನ ಪಾಲಿನದೆಂದು ಮೈದುನ ಅವಳ ಮೇಲೆ ದಾವೆ ಹಾಕಿದ್ದ. ಅದು ಹೋದರೆ ಆಕೆಗೆ ತಲೆ ಮೇಲೆ ಸೂರಿಲ್ಲ. ಅಪ್ಪ ಹೇಳಿ ಕಳಿಸಿದ ದಿನ ರೈಲು ಹತ್ತಿ ಬರುವುದು, ಕೋರ್ಟಿನ ಜಗಲಿಯಲ್ಲಿ ಕೂರುವುದು, ಇಷ್ಟೇ ಆಕೆಗೆ ಗೊತ್ತಿದ್ದ ಕಾನೂನು. ಈಗ ಹೇಳಿ ಕಳಿಸುವವರೇ ಇರಲಿಲ್ಲ.

ಆಕೆ ಬಂದ ದಿನ ಅಪ್ಪ ಎಡಗೈ ಎತ್ತಿ ಎದುರಿನ ಗೋಡೆಯತ್ತ ಜೋರಾಗಿ ಬೊಟ್ಟುಮಾಡಿದರು. ಗಂಟಲಿಂದ ಏನೋ ಸದ್ದು. ಆ ಗೋಡೆಗೆ ಮಠದ ಸ್ವಾಮಿಗಳ ಫೋಟೊ ಇತ್ತು. ಅದರ ಕೆಳಗಿನ ಕಪಾಟಿನಲ್ಲಿ ಕೆಂಪು ಬಟ್ಟೆಯಲ್ಲಿ ಕಟ್ಟಿಟ್ಟ ಕೇಸಿನ ಕಡತಗಳು. ಅವ್ವ ಫೋಟೊಗೆ ಕೈಮುಗಿದು, ವಿಭೂತಿ ತಂದು ಅಪ್ಪನ ಹಣೆಗೆ ಹಚ್ಚಿದಳು. ಅಪ್ಪನ ಕಣ್ಣಲ್ಲಿ ನೀರು ಬಂತು. ಎಂಥ ಭಕ್ತಿ ಎಂದು ನಾವೂ ಕಣ್ಣೊರೆಸಿಕೊಂಡೆವು. ಆಮೇಲೆ ಯಾರು ಬಂದರೂ ಇದೇ ನಡೆಯಿತು. ಅಪ್ಪನ ಹಣೆ ದಿನವಿಡೀ ಬೆಳ್ಳಗೇ ಇರುತ್ತಿತ್ತು.

ಅಷ್ಟರಲ್ಲಿ ಅಪ್ಪನ ಹಳೆಯ ಗೆಳೆಯರೊಬ್ಬರು, ಅದೇ ಕೋರ್ಟಿನ ವಕೀಲರು, ಮನೆಗೆ ಬಂದರು. ಕೇಸುಗಳನ್ನೆಲ್ಲ ತಾವು ನೋಡಿಕೊಳ್ಳುವುದಾಗಿ ಹೇಳಿದರು. ಹೊಸ ವಕಾಲತ್ತಿಗೆ ಅಪ್ಪನ ಒಪ್ಪಿಗೆ ಬೇಕು, ಸಹಿ ಆಗದಿದ್ದರೆ ಎಡಗೈ ಹೆಬ್ಬೆಟ್ಟೇ ಸಾಕು ಎಂದರು. ಅವ್ವನ ಮುಖ ಕೆಂಪಾಯಿತು.

“ಊರಿನೋರ ಕೈಲೆಲ್ಲ ಹೆಬ್ಬೆಟ್ಟು ಒತ್ತಿಸಿದೋರು ಇವ್ರು. ಇವ್ರ ಕೈಲೇ ಹೆಬ್ಬೆಟ್ಟು ಒತ್ತಿಸ್ತೀರಾ?” ಎಂದಳು.

ಅವರು ತಲೆ ತಗ್ಗಿಸಿ ಎದ್ದುಹೋದರು. ಅವ್ವ ಬಾಗಿಲ ಮೇಲಿನ ಅಪ್ಪನ ಬೋರ್ಡು ಒರೆಸಿದಳು, ಕರಿ ಕೋಟನ್ನು ಬಿಸಿಲಿಗೆ ಹಾಕಿದಳು. ನನಗೂ ಆಗ ಅವ್ವ ಹೇಳಿದ್ದೇ ಸರಿ ಅನ್ನಿಸಿತ್ತು.

ತಿಂಗಳುಗಳು ಕಳೆದು ಬೇಸಿಗೆಯಲ್ಲಿ ರಾಮಗಿರಿಯ ಆ ಹೆಂಗಸು ಮತ್ತೆ ಬಂದಳು. ಈ ಸಲ ಕೈಯಲ್ಲಿ ಹಣ್ಣಿರಲಿಲ್ಲ, ಬಟ್ಟೆಯ ಗಂಟಿತ್ತು. ಕೋರ್ಟಿನ ವಾಯಿದೆಯ ದಿನಗಳಲ್ಲಿ ಅವಳ ಪರವಾಗಿ ಯಾರೂ ನಿಲ್ಲದ್ದರಿಂದ ತೀರ್ಪು ಮೈದುನನ ಕಡೆ ಆಗಿತ್ತು. ಕೋರ್ಟಿನ ಅಮೀನರು ಬಂದು ಆಕೆಯನ್ನು ಹೊರಗೆ ಕಳಿಸಿದ್ದರು; ಮೈದುನ ಮನೆಯನ್ನು ಕೆಡವಿಸಿಯೂ ಆಗಿತ್ತು. ಹಿರಿಯೂರಿನ ಕಡೆ ತಂಗಿಯ ಮನೆಗೆ ಹೊರಟಿದ್ದಳು, ಹೋಗುವ ಮುಂಚೆ ಅಪ್ಪನನ್ನು ನೋಡಿ ಹೋಗಲು ಬಂದಿದ್ದಳು. ಬೈಯಲಿಲ್ಲ, ಅಳಲೂ ಇಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಅಪ್ಪ ಮತ್ತೆ ಗೋಡೆಯತ್ತ ಬೊಟ್ಟುಮಾಡಿದರು. ಅವ್ವ ವಿಭೂತಿ ತರಲು ಎದ್ದಳು.

“ವಿಭೂತಿ ಅಲ್ಲ ಕಣವ್ವ,” ಎಂದಳು ಆಕೆ. “ನನ್ನ ಕೇಸಿನ ಕಟ್ಟು ಅಲ್ಲೈತೆ, ತಗಂಡು ಹೋಗು ಅಂತಾರೆ. ಅವತ್ತೂ ಅದನ್ನೇ ತೋರ್ಸಿದ್ರು. ನಂಗೆ ಗೊತ್ತಾತು. ಮಲಗಿರೋರ್ನ ಹೆಂಗೆ ಕೇಳಾದು ಅಂತ ಸುಮ್ನಾದೆ.”

ಅವ್ವ ಈ ಸಲ ಫೋಟೊ ಬಿಟ್ಟು ಅದರ ಕೆಳಗೆ ನೋಡಿದಳು. ಆಮೇಲೆ ತಾನೇ ಕಪಾಟು ತೆಗೆದು ಕಟ್ಟುಗಳನ್ನೆಲ್ಲ ಮಂಚದ ಮೇಲಿಟ್ಟು, ಅಪ್ಪನ ಆ ವಕೀಲ ಗೆಳೆಯರಿಗೆ ಹೇಳಿ ಕಳಿಸಿದಳು. ಅವರು ಬಂದು ವಕಾಲತ್ತಿನ ಹಾಳೆಗಳನ್ನು ಜೋಡಿಸುತ್ತಿದ್ದಂತೆ, ಯಾರೂ ಕೇಳುವ ಮೊದಲೇ ಅಪ್ಪ ಎಡಗೈ ಹೆಬ್ಬೆರಳನ್ನು ಚಾಚಿದರು. ಅವಮಾನ ಅವರಿಗೆ ಇರಲೇ ಇಲ್ಲ, ಇದ್ದದ್ದು ನಮಗೆ ಮಾತ್ರ. ಅವ್ವನೇ ಮಸಿ ಹಚ್ಚಿ ಒಂದೊಂದು ಹಾಳೆಗೂ ಒತ್ತಿಸಿದಳು.

ಒಬ್ಬ ಕಕ್ಷಿದಾರರ ಜಮೀನು ಉಳಿಯಿತು, ಬೇರೆಯವರ ಕೇಸುಗಳೂ ಉಳಿದವು. ರಾಮಗಿರಿಯಾಕೆ ತನ್ನ ಕಟ್ಟನ್ನು ಬಟ್ಟೆಯ ಗಂಟಿನೊಳಗೆ ತುರುಕಿಕೊಂಡು, ಅಪ್ಪನ ಕಾಲು ಮುಟ್ಟಿ, ಬಸ್‌ಸ್ಟ್ಯಾಂಡಿಗೆ ಹೊರಟಳು. ಅಪ್ಪ ಬಾಗಿಲನ್ನೇ ನೋಡುತ್ತ ಮಸಿ ಮೆತ್ತಿದ ಹೆಬ್ಬೆರಳನ್ನು ಎತ್ತಿಯೇ ಹಿಡಿದಿದ್ದರು.