ಹೋಗು ಅನ್ನದೇ ಹೊರಟ ಕಾರು

ಹೋದ ವಾರ ಪಕ್ಕದ ಮನೆಯ ಬಸವರಾಜು ತನ್ನ ಹೊಸ ಕಾರಿನಲ್ಲಿ ನನ್ನನ್ನು ಕೂರಿಸಿಕೊಂಡು ನಂಜನಗೂಡಿನ ರೈಲ್ವೆ ಗೇಟಿನ ತನಕ ಬಂದ. ಗೇಟು ಹಾಕಿತ್ತು. ಕಾರು ನಿಂತಿತು, ಅದರ ಹಿಂದೆಯೇ ಎಂಜಿನ್ನೂ ನಿಂತಿತು. ಇಳಿದು ತಳ್ಳಬೇಕೆಂದು ಬಾಗಿಲ ಹಿಡಿಗೆ ಕೈ ಹಾಕಿಯೇಬಿಟ್ಟೆ. ಬಸವರಾಜು ನಕ್ಕ. ಪೆಟ್ರೋಲು ಉಳಿಸಲೆಂದು ಈ ಕಾರು ತಾನೇ ಆಫ್ ಆಗುತ್ತದಂತೆ, ಬ್ರೇಕಿನಿಂದ ಕಾಲು ತೆಗೆದರೆ ತಾನೇ ಆನ್ ಆಗುತ್ತದಂತೆ. ಇದನ್ನು ಬೇಕೆಂದೇ ಮಾಡಿ ಮಾರುವವರೂ ಇದ್ದಾರೆಂದರೆ ನಾನೇನು ಹೇಳಲಿ? ಇದೇ ಚಾಳಿ ಹತ್ತಿದ್ದ ಒಂದು ಕಾರಿನಿಂದ ನನ್ನ ಹೆಂಡತಿ ನೌಕರಿ ಬಿಡುವ ತನಕ ಹೋಗಿದ್ದಳು.

ಇಪ್ಪತ್ತು ವರ್ಷದ ಹಿಂದಿನ ಮಾತು. ಸುನಂದ ತಿ. ನರಸೀಪುರದ ಹೈಸ್ಕೂಲಿನಲ್ಲಿ ಗಣಿತದ ಮೇಡಂ, ನಾನು ನಂಜನಗೂಡಿನ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತ. ಅವಳಿಗೆ ಮೂರನೇ ವಯಸ್ಸಿನಲ್ಲಿ ಪೋಲಿಯೋ ಆಗಿ ಎಡಗಾಲು ಸಣಕಲಾಗಿತ್ತು. ಬಸ್ಸಿನ ಎತ್ತರದ ಮೆಟ್ಟಿಲಿನಿಂದ ಎರಡು ಸಲ ಬಿದ್ದ ಮೇಲೆ, ಕ್ಲಚ್ ತುಳಿಯುವ ಕೆಲಸವೇ ಇಲ್ಲದ, ಬಲಗಾಲೊಂದರಿಂದಲೇ ಓಡಿಸಬಹುದಾದ ಹಳೆಯ ಆಟೋಮ್ಯಾಟಿಕ್ ಕಾರೊಂದನ್ನು ತಾನೇ ಹುಡುಕಿ ಕೊಂಡಳು. ಆಗ ನಮ್ಮ ಊರಿಗೆ ಅದೊಂದೇ. ಕಾರಿದ್ದರೆ ನೌಕರಿ, ಇಲ್ಲದಿದ್ದರೆ ಇಲ್ಲ, ಲೆಕ್ಕ ಅಷ್ಟೇ ಸರಳವಾಗಿತ್ತು.

ಆ ಕಾರಿನ ಟಾರ್ಕ್ ಕನ್ವರ್ಟರ್ ಒಂದು ಬೇಸಿಗೆಯಲ್ಲಿ ಕೈಕೊಟ್ಟಿತು. ಎಂಜಿನ್ನಿಗೂ ಗೇರಿಗೂ ನಡುವೆ, ಕ್ಲಚ್ ಇರಬೇಕಾದ ಜಾಗದಲ್ಲಿ, ಹೊಟ್ಟೆ ತುಂಬ ಎಣ್ಣೆ ಕುಡಿದು ಕುಂಬಳಕಾಯಿಯ ಹಾಗೆ ಕೂತಿರುವ ವಸ್ತು ಅದು. ನನಗೆ ಆಗ ತಿಳಿದದ್ದು ಅಷ್ಟೇ, ಈಗಲೂ ಹೆಚ್ಚೇನಿಲ್ಲ. ಕಂಪನಿಯದು ಸಿಗಲಿಲ್ಲ. ನಮ್ಮ ಮೆಕ್ಯಾನಿಕ್, ದೇವನೂರಿನ ಮಾದೇವಣ್ಣ, ಬೇರೆ ಯಾರೋ ತಯಾರಿಸಿದ್ದನ್ನು ಕೊಯಮತ್ತೂರಿನಿಂದ ಪಾರ್ಸೆಲ್ ತರಿಸಿ ಕೂರಿಸಿದ. ಅದರ ಜೊತೆ ಇಂಗ್ಲಿಷಿನ ಒಂದು ಚೀಟಿ ಬಂದಿತ್ತು. ನೀವು ಓದ್ಕಳಿ ಸಾ ಎಂದು ನನ್ನ ಕೈಗೆ ಕೊಟ್ಟ. ಊರವರ ಅರ್ಜಿಗಳಲ್ಲಿ ಕೊಂಬು ದೀರ್ಘಗಳನ್ನೂ ಬಿಡದೆ ತಪ್ಪು ಹಿಡಿಯುತ್ತಿದ್ದ ನಾನು ಅದನ್ನು ಮಡಿಸಿ ಸ್ಕೂಟರಿನ ಡಿಕ್ಕಿಗೆ ಹಾಕಿದೆ.

ಸುನಂದಳಿಗೆ ಶಾಲೆಯಿತ್ತು, ಕಾರು ತರಲು ನಾನು ಹೋದೆ. ಆ ಕಾರಿನ ಸ್ಟಿಯರಿಂಗ್ ಹಿಂದೆ ನಾನು ಕೂತದ್ದು ಅದೇ ಮೊದಲು. ಗೇರು ಹಾಕಿ ಬ್ರೇಕಿನಿಂದ ಕಾಲು ತೆಗೆದೆನೋ ಇಲ್ಲವೋ, ಕಾರು ತನ್ನಷ್ಟಕ್ಕೆ ತೆವಳಿಕೊಂಡು ಎದುರಿನ ಕಬ್ಬಿನ ಹಾಲಿನ ಗಾಡಿಯ ಕಡೆ ಹೊರಟಿತು. ನಾನು ಹೋಗು ಅಂದಿಲ್ಲ, ಅದು ಹೋಗುತ್ತಿದೆ. ಕಾಲಿನ ಸ್ವಾಧೀನ ಕಡಿಮೆ ಇರುವವಳು ಇಂಥದ್ದನ್ನು ಓಡಿಸುವುದು ಹೇಗೆ? ಮಾದೇವಣ್ಣನನ್ನು ಕರೆದು, ಹೊಸ ಸಾಮಾನು ಕೆಟ್ಟದ್ದು, ಗಾಡಿ ನಿಂತಾಗ ಎಂಜಿನ್ ಓಡುವ ವೇಗವನ್ನು, ಅದೇ ಐಡ್ಲಿಂಗನ್ನು, ಇಳಿಸಿಯಾದರೂ ಇದರ ತೆವಳಾಟ ನಿಲ್ಲಿಸು ಎಂದೆ. ಅವನೂ ಆಟೋಮ್ಯಾಟಿಕ್ಕಿಗೆ ಹೊಸಬ. ಆದರೂ ತಲೆ ಕೆರೆದುಕೊಂಡ.

"ಅಮ್ಮಾವ್ರನ್ನ ಒಂದ್ ಮಾತು ಕೇಳ್ಬುಟ್ರೆ ಆಗದಾ ಸಾ?"

"ಅವಳನ್ನೇನು ಕೇಳೋದು ಮಾದೇವಣ್ಣ, ನಾನು ಎಂಟು ವರ್ಷ ಕಚೇರಿ ಜೀಪು ಓಡಿಸಿರೋನು."

ಓಡಿಸಿದ್ದು ನಿಜ, ಡ್ರೈವರ್ ರಜೆ ಹಾಕಿದಾಗ. ಮಾದೇವಣ್ಣ ಐಡ್ಲಿಂಗಿನ ಸ್ಕ್ರೂ ತಿರುಗಿಸಿದ. ಕಾರು ತೆವಳುವುದನ್ನು ಬಿಟ್ಟಿತು. ಗೆದ್ದವನಂತೆ ಮನೆಗೆ ತಂದು ನಿಲ್ಲಿಸಿದೆ. ದಾರಿಯಲ್ಲಿ ಎರಡು ಸಲ ಆಫ್ ಆಯಿತು, ಹೊಸದಲ್ಲವೇ ಎಂದುಕೊಂಡೆ.

ಮರುದಿನದಿಂದ ಸುನಂದಳ ಪಾಡು ಶುರುವಾಯಿತು. ಓಡುವಾಗ ಏನೂ ತೊಂದರೆಯಿಲ್ಲ, ನಿಲ್ಲಿಸಿದರೆ ಸಾಕು, ಎಂಜಿನ್ ಒಮ್ಮೆ ನಡುಗಿ ತಣ್ಣಗಾಗುತ್ತಿತ್ತು. ನರಸೀಪುರದ ಬಸ್‌ಸ್ಟ್ಯಾಂಡಿನ ಮುಂದೆ ನಿಂತಿತು, ಶಾಲೆಯ ಗೇಟಿನಲ್ಲಿ ನಿಂತಿತು. ಒಂದು ದಿನ ಹೊಳೆಯ ಸೇತುವೆಯ ಮೇಲೆ, ಹಿಂದೆ ಬಸ್ಸು, ಮುಂದೆ ಕಬ್ಬಿನ ಗಾಡಿಗಳು, ನಡುವೆ ನಿಂತಿತು. ಬಸ್ಸಿನವರು ಇಳಿದು ಬಂದು, ನಡೆಯೋಕಾಗದವರಿಗೆ ಕಾರು ಯಾಕೆ ಎಂದರಂತೆ. ಮಾದೇವಣ್ಣ ಪ್ಲಗ್ ಬದಲಾಯಿಸಿದ, ಪೆಟ್ರೋಲ್ ಫಿಲ್ಟರ್ ಬದಲಾಯಿಸಿದ. ಐಡ್ಲಿಂಗ್ ಏರಿಸೋಣವಾ ಎಂದು ಅವನು ಕೇಳಿದರೆ, ಮತ್ತೆ ತೆವಳುತ್ತದೆ ಬೇಡ ಎಂದವನು ನಾನೇ. ಕಾರು ಮೊದಲಿನ ಹಾಗಿಲ್ಲ ಎಂದು ಸುನಂದ ಹೇಳಿದಳು. ಸೆಟ್ ಆಗಲು ಟೈಮು ಬೇಕು ಎಂದೆ. ಕೊನೆಗೆ ಯಾವುದೂ ತೋಚದೆ ಒಂದು ಬೆಳಗ್ಗೆ ಕಾಫಿ ಕುಡಿಯುತ್ತ ಕೂತಿದ್ದಾಗ ಬಾಯಿಗೆ ಬಂದದ್ದನ್ನು ಆಡಿಬಿಟ್ಟೆ.

"ನಿನ್ನ ಎಡಗಾಲೇನಾದ್ರೂ ನಿನಗೆ ಗೊತ್ತಾಗ್ದೆ ಬ್ರೇಕ್ ಮೇಲೆ ಹೋಗ್ತಿದೆಯೇನೋ, ನೋಡ್ಕೋ."

ಕೇಡೆಣಿಸಿ ಹೇಳಿದ ಮಾತಲ್ಲ, ನಂಬಿ. ಅವಳು ಲೋಟ ಕೆಳಗಿಟ್ಟು ಕಾಲನ್ನು ನೋಡಿಕೊಂಡಳು. ಅದೇ ವಾರ, ಈ ಪರೀಕ್ಷೆ ಮುಗಿದ ಮೇಲೆ ರಾಜೀನಾಮೆ ಕೊಡುತ್ತೇನೆ ಎಂದಳು. ನಾನು ಬೇಡ ಎಂದೆ, ಆದರೆ ಬೇಡ ಎನ್ನಲು ನನ್ನ ಹತ್ತಿರ ಕಾರಣವೇ ಇರಲಿಲ್ಲ.

ಆ ಶನಿವಾರ ಸ್ಕೂಟರಿನ ಇನ್ಶೂರೆನ್ಸ್ ಕಾಗದ ಹುಡುಕುತ್ತಿದ್ದವನಿಗೆ ಕೊಯಮತ್ತೂರಿನ ಚೀಟಿ ಸಿಕ್ಕಿತು. ನಾಲ್ಕನೇ ಸಾಲಿನಲ್ಲೇ ಇತ್ತು: ಗೇರಿನಲ್ಲಿರುವಾಗ ಬ್ರೇಕ್ ಬಿಟ್ಟರೆ ಗಾಡಿ ನಿಧಾನವಾಗಿ ಮುಂದೆ ಹೋಗುತ್ತದೆ, ಅದು ದೋಷವಲ್ಲ, ಅದಕ್ಕಾಗಿ ಐಡ್ಲಿಂಗ್ ಇಳಿಸಬೇಡಿ, ಇಳಿಸಿದರೆ ಗಾಡಿ ನಿಂತಾಗಲೆಲ್ಲ ಎಂಜಿನ್ ಆಫ್ ಆಗುತ್ತದೆ. ಅಂಥ ಕಾರುಗಳ ಸ್ವಭಾವವೇ ಅದು. ಕೊಂಡ ದಿನದಿಂದ ಅದು ತೆವಳುತ್ತಲೇ ಇದ್ದಿರಬೇಕು, ಸುನಂದಳಿಗೆ ಗೊತ್ತು, ನನಗೆ ಗೊತ್ತಿಲ್ಲ. ಭಾನುವಾರ ಎಣ್ಣೆ ನೋಡಿಸುವ ನೆಪದಲ್ಲಿ ಕಾರು ಒಯ್ದೆ. ಸ್ಕ್ರೂ ಮತ್ತೆ ಮೊದಲಿನ ಜಾಗಕ್ಕೆ ತಿರುಗಿತು, ಎರಡು ನಿಮಿಷದ ಕೆಲಸ. ಅಮ್ಮಾವ್ರಿಗೆ ಯೋಳ್ಬುಡಿ ಸಾ ಎಂದ ಮಾದೇವಣ್ಣ. ಹೇಳುತ್ತೇನೆ ಎಂದೆ.

ಹೇಳಲಿಲ್ಲ. ಯಾಕೆ ಎಂದು ಕೇಳಿದರೆ ಇವತ್ತಿಗೂ ನನಗೆ ಸರಿಯಾಗಿ ಗೊತ್ತಾಗುವುದಿಲ್ಲ. ನಾಚಿಕೆಯೇ? ಇನ್ನೆರಡು ದಿನ ನೋಡಿ ಹೇಳೋಣ ಎಂಬ ಸೋಮಾರಿತನವೇ? ಬುಧವಾರ ಸಂಜೆ ಅವಳೇ, ಮೂರು ದಿನದಿಂದ ಒಂದು ಸಲವೂ ನಿಂತಿಲ್ಲ ಎಂದಳು. ನೋಡಿದೆಯಾ, ಸೆಟ್ ಆಯಿತು ಎಂದೆ. ರಾಜೀನಾಮೆಯ ಮಾತು ಅಲ್ಲಿಗೆ ಮುಗಿಯಿತು. ಅವಳು ಆಮೇಲೆ ಒಂಬತ್ತು ವರ್ಷ ಅದೇ ಕಾರಿನಲ್ಲಿ ಹೋಗಿ ಬಂದಳು, ರಿಟೈರಾದ ಮೇಲೆ ಅದನ್ನು ಮಾರಿದೆವು. ಎಲ್ಲ ಸುಸೂತ್ರವಾದ ಮೇಲೆ ಹಳೆಯದನ್ನು ಕೆದಕುವುದೇಕೆ ಎಂದು ನಾನೂ ಮರೆತೆ.

ರೈಲ್ವೆ ಗೇಟಿನಿಂದ ಮನೆಗೆ ಬಂದವನು ಬಸವರಾಜುವಿನ ಕಾರಿನ ವಿಷಯವನ್ನು ತಮಾಷೆಯಾಗಿ ಹೇಳತೊಡಗಿದೆ. ಸುನಂದ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದಳು. ಮಾತಿನ ಓಘದಲ್ಲಿ ಚೀಟಿ, ಸ್ಕ್ರೂ ಎಲ್ಲವೂ ಹೊರಬಿದ್ದವು. ಅವಳು ನಗುತ್ತಾಳೆ ಅಂದುಕೊಂಡಿದ್ದೆ. ಸುಲಿಯುವುದನ್ನು ನಿಲ್ಲಿಸಿ, ಸ್ಕ್ರೂ ವಾಪಸ್ ತಿರುಗಿಸಿದ್ದು ಯಾವತ್ತು ಎಂದು ಕೇಳಿದಳು. ನಿಲ್ಲುವುದು ಬಿಟ್ಟಿದೆ ಎಂದು ನೀನು ಹೇಳಿದೆಯಲ್ಲ, ಅದರ ಹಿಂದಿನ ಭಾನುವಾರ ಎಂದೆ.

"ಆ ಸೋಮವಾರಾನೇ ಕಣ್ರೀ ನಾನು ಹಳೇ ಸೀರೆ ಹರಿದು, ಎಡಗಾಲನ್ನ ಸೀಟಿಗೆ ಸೇರಿಸಿ ಕಟ್ಕೊಂಡಿದ್ದು. ಊರು ದಾಟಿದ ಮೇಲೆ ಕಟ್ಕೋತಿದ್ದೆ, ಸ್ಕೂಲ್ ಹತ್ರ ಬಿಚ್ಚಿಡ್ತಿದ್ದೆ. ಅದ್ರಿಂದಾನೇ ಸರಿಹೋಯ್ತು ಅನ್ಕೊಂಡೆ."

"ಎಷ್ಟು ದಿನ ಕಟ್ಕೊಂಡೆ?"

"ಕಾರು ಮಾರೋ ತನಕ."

ನನಗೆ ಅಳು ಬಂತು, ಅವಳಿಗೆ ಬರಲಿಲ್ಲ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಅವಳು ಮೊರವನ್ನು ಪಕ್ಕಕ್ಕಿಟ್ಟು, ಎಡಗಾಲನ್ನು ಎರಡೂ ಕೈಯಲ್ಲಿ ಎತ್ತಿ ಮುಂದೆ ಚಾಚಿಕೊಂಡಳು. ಮಂಡಿಯನ್ನು ಮೆಲ್ಲಗೆ ನೀವುತ್ತ, ನನ್ನ ಕಡೆ ನೋಡದೆ, ಕಾಲಿಗೇ ಹೇಳಿದಳು:

"ಪಾಪ, ನಿನ್ನನ್ನ ಸುಮ್ನೆ ಕಟ್ಟಿಹಾಕ್ದೆ."